ದೊಡ್ಡವ್ವ ಹುಟ್ಟು ಬಿಟ್ಟ ದಿನ

ಸುರಪುರದ ರಸ್ತೆಯಲ್ಲಿ ಡಾಂಬರು ಕಾಯಿಸುವ ವಾಸನೆ ಬಂದರೆ ಇವತ್ತಿಗೂ ನನ್ನ ಕಾಲು ನಿಲ್ಲುತ್ತದೆ. ಕೃಷ್ಣೆಯ ದಂಡೆಯ ನಮ್ಮ ಮಣ್ಣಿನ ಮನೆಯ ಮುಂದೆ ಹರಿಗೋಲನ್ನು ಬೋರಲು ಹಾಕಿ, ದೊಡ್ಡವ್ವ ಅದರ ತಳಕ್ಕೆ ಬಿಸಿ ಡಾಂಬರು ಬಳಿಯುತ್ತಿದ್ದ ವಾಸನೆ ಅದು. ಮನೆಯೊಳಗಿನ ರೊಟ್ಟಿಗೂ, ಒಣಮೀನಿಗೂ, ನನ್ನ ಕೂದಲಿಗೂ ಅದೇ ಹತ್ತಿರುತ್ತಿತ್ತು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವ್ವನ ಈ ಅಕ್ಕ. ಮಾತು ಬರುವ ಮೊದಲೇ ನನಗೆ ಈಜು ಕಲಿಸಿದ್ದಳಂತೆ. ಆದರೆ ಜನರನ್ನು ಹೊಳೆ ದಾಟಿಸುವ ಹರಿಗೋಲಿನ ಹುಟ್ಟನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ.

ಒಂದು ಮಳೆಗಾಲ, ಕೂಸನ್ನೆತ್ತಿಕೊಂಡು ತವರಿನಿಂದ ಹೊರಟಿದ್ದ ಬಾಣಂತಿಯೊಬ್ಬಳನ್ನು ಆಚೆ ದಂಡೆಯಿಂದ ಕರೆತರುತ್ತಿದ್ದೆವು. ನಡುಹೊಳೆಯಲ್ಲಿ ನೀರು ಇದ್ದಕ್ಕಿದ್ದಂತೆ ಕೆಂಪಾಯಿತು. "ಮ್ಯಾಲೆ ಡ್ಯಾಮಿನ ಗೇಟು ತಗದಾರ" ಎಂದವಳೇ ದೊಡ್ಡವ್ವ ಸೆಳೆತಕ್ಕೆ ಎದುರಾಗಿ ಜೋರಿನಿಂದ ಹುಟ್ಟು ಹಾಕಿದಳು. ಅವಳ ರಟ್ಟೆಯ ಕೀಲು ತಪ್ಪಿದ ಸದ್ದು ನನಗೆ ಕೇಳಿಸಿತು. ಹರಿಗೋಲಿನ ತಳಕ್ಕೆ ಕುಸಿದಳು.

"ಹುಟ್ಟು ಹಿಡಿ. ನನ್ನ ಮಾರಿ ನೋಡಬ್ಯಾಡ, ನೀರು ನೋಡು."

ಹರಿಗೋಲು ಗಿರಗಿರನೆ ತಿರುಗತೊಡಗಿತು. "ಸಣ್ಣ ಹುಡುಗಿ ಕೈಯಾಗ ಕೊಟ್ಟೆಲ್ಲವ್ವ, ನನ್ನ ಕೂಸು!" ಎಂದು ಬಾಣಂತಿ ಚೀರಿದಳು. ನಾವು ದಿನವೂ ಇಳಿಯುವ ಜಾಗ ಹತ್ತಿರವಾಯಿತು. "ಎಡಕ್ಕ ಹೊರಳಸು, ದಂಡಿ ಬಂತು!" ದೊಡ್ಡವ್ವ ಮಲಗಿದಲ್ಲಿಂದಲೇ ಕೂಗಿದಳು. ಅವಳಿಗೆ ಕಾಣದ್ದು ನನಗೆ ಕಾಣುತ್ತಿತ್ತು. ಅಲ್ಲಿನ ಬಂಡೆಗಳೆಲ್ಲ ಮುಳುಗಿ, ಅವುಗಳ ಮೇಲೆ ನೀರು ಮಗುಚಿ ಬೀಳುತ್ತಿತ್ತು. ಅಲ್ಲಿಯವರೆಗೆ ಅವಳ ಮಾತು ಮೀರಿದವಳಲ್ಲ ನಾನು. "ಇಲ್ಲಿ ಬ್ಯಾಡ. ಸುಮ್ಮ ಇರು, ದೊಡ್ಡವ್ವ" ಅಂದೆ. ಊರು ಹಿಂದೆ ಸರಿಯಿತು. ನಮ್ಮ ಮನೆಯ ಸೂರು ಕಂಡು, ಮರೆಯಾಯಿತು. ಬಾಣಂತಿ ಅಳುವುದನ್ನೂ ಬಿಟ್ಟು ಕೂಸನ್ನು ಎದೆಗೆ ಅವಚಿಕೊಂಡಳು. ಮುಂದಿನ ತಿರುವಿನಲ್ಲಿ ಸೆಳೆತ ತುಸು ಸಡಿಲಾದದ್ದೇ, ಇದ್ದ ಬಲವನ್ನೆಲ್ಲ ಹಾಕಿ ದಂಡೆಯತ್ತ ತಿರುಗಿಸಿ, ನೀರಿಗೆ ಬಾಗಿದ್ದ ಜಾಲಿಯ ಟೊಂಗೆ ಹಿಡಿದೆ. ಮುಳ್ಳು ಅಂಗೈಗೆ ನಾಟಿದರೂ, ಬಾಣಂತಿ ಕೂಸಿನೊಡನೆ ದಂಡೆಗೆ ಇಳಿಯುವವರೆಗೆ ಬಿಡಲಿಲ್ಲ.

ರಟ್ಟೆ ಕೂಡಿಕೊಂಡಿತು; ದೊಡ್ಡವ್ವ ಮಾತ್ರ ಮತ್ತೆ ಹುಟ್ಟು ಮುಟ್ಟಲಿಲ್ಲ. ಹೊಳೆ ಇಳಿದ ದಿನ ಅದನ್ನು ನನ್ನ ಮುಂದಿಟ್ಟು, ತಾನು ಹೋಗಿ ಹರಿಗೋಲಿನ ನಡುವೆ ಕುಳಿತಳು. ಆಮೇಲೆ ದಿನವೂ ಅವಳ ಜಾಗ ಅದೇ ಆಯಿತು.

ಈಗ ಸೇತುವೆ ಬಂದಿದೆ. ಮನೆಯಿದ್ದ ದಿಬ್ಬವನ್ನು ಹೊಳೆ ಒಯ್ದಿದೆ. ದೊಡ್ಡವ್ವನೂ ಇಲ್ಲ. ನಾನು ಬಲೆ ಬೀಸುತ್ತಾ ಅದೇ ನೀರಿನಲ್ಲಿದ್ದೇನೆ. ಆಗೀಗ ದಾಟಲು ಬಂದವರು ಹೊಳೆಯನ್ನೂ ನನ್ನನ್ನೂ ಒಮ್ಮೆ ನೋಡಿ, "ಆಚಿ ದಂಡಿ ಮುಟ್ಟಸ್ತೀಯೇನವ್ವ?" ಎನ್ನುತ್ತಾರೆ. ಏನೂ ಕೇಳದೆ ಹತ್ತಿ ಕೂರುತ್ತಿದ್ದವಳು ದೊಡ್ಡವ್ವ ಒಬ್ಬಳೇ.