ಕೌದಿಯ ತೆರೆದ ಹೊಟ್ಟೆ

ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ಮೂಗಿಗೆ ಬಡಿಯಿತು. ಒಲೆಯ ಹೊಗೆ, ಬೆವರು, ಎಷ್ಟು ಒಗೆದರೂ ಹೋಗದ ಎರೆಮಣ್ಣಿನ ಧೂಳು. ಸಿಂಧನೂರಿನ ಒಂದು ಬಾಡಿಗೆ ಕೋಣೆಯಲ್ಲಿದ್ದ ಪುಟ್ಟ ಮ್ಯೂಸಿಯಮ್ಮಿನ ಗೋಡೆಯ ಮೇಲೆ ನಮ್ಮ ಓಣಿಯ ಅಜ್ಜಿ ಹೊಲಿದ ಕೌದಿ ನೇತಾಡುತ್ತಿತ್ತು.

ಮ್ಯೂಸಿಯಂ ಎಂದರೆ ಸತ್ತ ರಾಜರ ತುಕ್ಕು ಹಿಡಿದ ಕತ್ತಿ ಎಂದುಕೊಂಡವಳು ನಾನು. ಇದು ಹಾಗಲ್ಲ. ಸುತ್ತಲ ಊರುಗಳಲ್ಲಿ ಜನ ಧರಣಿ ಕೂತಿರುವಾಗಲೇ ಇಲ್ಲಿನ ಹುಡುಗ ಹುಡುಗಿಯರು ಹೋಗಿ, ಬರೆದ ಬ್ಯಾನರು, ಕಟ್ಟಿದ ಹಾಡು, ಆಡಿದ ಮಾತು ಎಲ್ಲವನ್ನೂ ಕೂಡಿಟ್ಟುಕೊಂಡು ಬರುತ್ತಾರೆ.

ನಮ್ಮೂರು ಪಾಮನಕಲ್ಲೂರಿನ ಆಚೆ. ಕಾಲುವೆ ನೀರಿಗಾಗಿ ಊರೇ ಧರಣಿ ಕೂತಾಗ ಪಕ್ಕದ ಮನೆಯ ಈ ಅಜ್ಜಿಯೂ ಬಂದಿದ್ದಳು. ಘೋಷಣೆ ಕೂಗುವುದು ಅವಳಿಗೆ ಬಾರದು; ಕೈ ಖಾಲಿ ಇದ್ದರೆ ಮೈಯೆಲ್ಲ ಉರಿಯುತ್ತಿತ್ತು. ಬಂದ ಹೆಂಗಸರಿಂದೆಲ್ಲ ಕೌದಿಗೆಂದು ಹಳೆ ಸೀರೆಯ ತುಂಡು ಕೇಳಿದಳು. ಹಸಿರು ಶಾಲಿನ ಚೂರು, ಹರಿದ ಬ್ಯಾನರಿನ ಬಟ್ಟೆಯೂ ಸೇರಿದವು. ಮಾತು ಬಿಟ್ಟ ಇಬ್ಬರು ವಾರಗಿತ್ತಿಯರ ಸೀರೆಗಳನ್ನು ಬೇಕೆಂದೇ ಒಂದಕ್ಕೊಂದು ಜೋಡಿಸಿ ಹೊಲಿದು, ಕಿಸಕ್ಕನೆ ನಕ್ಕಿದ್ದಳು...

ನಮ್ಮ ಮನೆಗಳಲ್ಲಿ ಕೌದಿ ಮುಗಿಸುವಾಗ ನಡುವೆ ಸಣ್ಣ ಬಾಯಿ ಬಿಟ್ಟು, ಅದರೊಳಗೆ ರೊಟ್ಟಿಯ ತುಣುಕಿಟ್ಟು ಹೊಲಿಯುತ್ತಾರೆ. ಅದು ಕೌದಿಯ ಹೊಟ್ಟೆ. ಹೊದ್ದವರು ಹಸಿದು ಮಲಗಬಾರದೆಂದು.

ಒಂದು ದಿನ ಸಾಹೇಬರು ಬಂದು ನೀರು ಬಿಡುವುದಾಗಿ ಮಾತು ಕೊಟ್ಟರು. ಶಾಮಿಯಾನ ಬಿಚ್ಚಿದರು. ಕೌದಿಯ ಹೊಟ್ಟೆ ಮುಚ್ಚು, ಫೋಟೋ ತೆಗೆಯೋಣ ಎಂದು ಹಿರಿಯರು ಅಜ್ಜಿಗೆ ದುಂಬಾಲು ಬಿದ್ದರು. ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

"ಮಾತಿಲೆ ಹೊಟ್ಟಿ ತುಂಬತೈತೇನ್ರೀ? ಕಾಲುವ್ಯಾಗ ನೀರು ಬರ್ಲಿ, ನಾನೇ ರೊಟ್ಟಿ ಇಟ್ಟು ಹೊಲಿತೀನಿ."

ನೀರು ಬರಲಿಲ್ಲ. ನಾನು ಮದುವೆಯಾಗಿ ಲಿಂಗಸುಗೂರಿಗೆ ಬಂದೆ. ತವರಿಗೆ ಹೋದಾಗಲೆಲ್ಲ ಅಜ್ಜಿ ಆ ಕೌದಿ ಬಿಡಿಸಿ, ತೆರೆದ ಬಾಯಿಯನ್ನು ಬೆರಳಿನಿಂದ ಸವರಿ ತೋರಿಸುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು. ಅವಳ ಸೊಸೆ ಕೌದಿಯನ್ನು ಇಲ್ಲಿಗೆ ಕೊಟ್ಟಿದ್ದಳು.

ಹತ್ತಿರ ಹೋಗಿ ನೋಡಿದೆ. ಬಾಯಿ ಮುಚ್ಚಿತ್ತು. ಹೊಸ ಬಿಳಿ ದಾರ. ನೀರು ಬಂತೇ, ನನಗೇ ಗೊತ್ತಾಗಲಿಲ್ಲವೇ ಎಂದು ಒಂದು ಗಳಿಗೆ ಎದೆ ಹಾರಿತು.

ಅಲ್ಲಿ ಎಲ್ಲ ನೋಡಿಕೊಳ್ಳುವ ಹುಡುಗಿ ಜವಳಗೇರಾದವಳು, ನೀರು ಕಂಡ ಊರಿನವಳು. ಅವಳೇ ಹೊಲಿದಿದ್ದಳಂತೆ.

"ಅಜ್ಜಿ ತೀರಿಹೋಗ್ಯಾಳ. ಖಾಲಿ ಹೊಟ್ಟಿಲೆ ಹ್ಯಾಂಗ ಇಡ್ಲಿ ಅಕ್ಕಾ? ನಮ್ಮವ್ವ ಮಾಡಿದ ರೊಟ್ಟಿ ಇಟ್ಟೀನಿ."

ಉಕ್ಕಿ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ. ಅಜ್ಜಿ ಅಂದ ಮಾತನ್ನು ಮೆಲ್ಲಗೆ ಹೇಳಿದೆ. ಹುಡುಗಿಯ ಮುಖ ಸಪ್ಪಗಾಯಿತು. ಕತ್ತರಿ ತಂದು ಒಂದೊಂದೇ ಹೊಲಿಗೆ ಬಿಚ್ಚಿದಳು. ಒಣಗಿ ಗಟ್ಟಿಯಾಗಿದ್ದ ರೊಟ್ಟಿಯ ತುಣುಕು ನನ್ನ ಅಂಗೈಗೆ ಬಿತ್ತು.

"ಮುಂದ ನೀರು ಬಂದ್ರ ಯಾರು ಹೊಲೀಬೇಕಕ್ಕಾ?"

ನಮ್ಮೂರ ಕಾಲುವೆಯಲ್ಲಿ ಈಗ ಜಾಲಿ ಬೆಳೆದಿದೆ. ನೀರು ಬಂದರೂ ಅಜ್ಜಿ ಬರುವುದಿಲ್ಲ. ಲಿಂಗಸುಗೂರಿಗೆ ಮರಳುವ ಬಸ್ಸು ಮಸ್ಕಿ ದಾಟಿದರೂ ಆ ತುಣುಕು ಮುಷ್ಟಿಯಲ್ಲೇ ಇತ್ತು. ಎಸೆಯಲು ಮನಸ್ಸಾಗಲಿಲ್ಲ, ತಿನ್ನಲೂ ಆಗಲಿಲ್ಲ.