ಕಾಕಾ ಕಾದ ಲೈನ್ ಕ್ಲಿಯರ್

ಮೊನ್ನೆ ಪಕ್ಕದ ಮನೆಯವರು ಕೂಲರಿಗೆ ಹೊಸ ಲಾವಂಚದ ಬೇರು ಹಾಕಿಸಿದರು. ನೀರು ಬಿಟ್ಟ ಕೂಡಲೇ ವಾಸನೆ ನನ್ನ ಕೋಣೆಗೂ ಬಂತು. ಆ ಮನೆಯಲ್ಲಿ ಮೊದಲಿದ್ದ ಕಾಕಾ ನೆನಪಾದರು...

ಅವರು ಹುಬ್ಬಳ್ಳಿ ಕಡೆಯವರು, ಸ್ಟೇಷನ್ ಮಾಸ್ಟರ್ ಆಗಿದ್ದು ಇಲ್ಲೇ ನಾಗಪುರದಲ್ಲಿ ನಿವೃತ್ತರಾದವರು. ಮೈಸೂರಿನಿಂದ ಕೆಲಸಕ್ಕೆಂದು ಬಂದ ನನಗೆ ರಜೆಯ ದಿನ ಮನೆಯಲ್ಲೇ ಗಿಟಾರ್ ರೆಕಾರ್ಡ್ ಮಾಡುವ ಹುಚ್ಚು. ಎಷ್ಟು ಮೆಲ್ಲಗೆ ನುಡಿಸಿದರೂ ಕೇಳುವಾಗ ಧ್ವನಿ ಒಡೆದು ಗರಗರ ಎನ್ನುತ್ತಿತ್ತು. ಮೈಕೇ ಸರಿಯಿಲ್ಲ ಎಂದೆ.

"ಕುಣೀಲಿಕ್ಕೆ ಬರದಾಕಿ ಅಂಗಳ ಡೊಂಕು ಅಂದ್ಲಂತ," ಎಂದು ಕಾಕಾ ನಕ್ಕರು. "ಮೈಕಿನ ಬಾಯಾಗ ಗಿಟಾರ್ ತುರುಕಿದ್ರ ಅದಾದ್ರೂ ಏನು ಮಾಡೀತು? ಹಿಂದ ಸರಸು, ತಮ್ಮಾ."

ವರ್ಷಗಟ್ಟಲೆ ಸ್ಟೇಷನ್ ಮೈಕಿನಲ್ಲಿ ಮಾತಾಡಿದವರು. ಮೈಕನ್ನು ಒಂದು ಗೇಣು ಹಿಂದೆ ಸರಿಸಿದೆ, ಗಿಟಾರಿನ ರಂಧ್ರದ ಎದುರಿನಿಂದ ಕತ್ತಿನ ಬುಡದ ಕಡೆ ತಿರುಗಿಸಿದೆ, ಕೆಂಪು ದೀಪ ಹತ್ತದ ಹಾಗೆ ಧ್ವನಿಯ ಮಟ್ಟ ಇಳಿಸಿದೆ. ತಿಳಿಯಾಯಿತು. ಆದರೆ ನನ್ನ ಕೂಲರ್ ಬಂದ್ ಮಾಡಿದ್ದರೂ ಹಿಂದೆ ಗುಂಯ್ ಎನ್ನುವ ಸದ್ದು ಉಳಿಯಿತು. ಅದು ಗೋಡೆಯಾಚೆಯ ಕಾಕಾರ ಕೂಲರ್.

ಹತ್ತು ನಿಮಿಷ ಬಂದ್ ಮಾಡ್ತೀರಾ ಎಂದು ಕೇಳಿದೆ. "ಮಾಡ್ತೀನಿ. ಆದ್ರ ಮುಗಿದ ಮ್ಯಾಲೆ ನೀ ಲೈನ್ ಕ್ಲಿಯರ್ ಕೊಡಬೇಕು." ಹಾದಿ ಖಾಲಿ ಎಂಬ ಆ ಸೂಚನೆ ಮುಂದಿನ ಸ್ಟೇಷನ್ನಿನಿಂದ ಬಾರದೆ ಅವರು ಒಂದು ರೈಲನ್ನೂ ಬಿಟ್ಟವರಲ್ಲ. ನುಡಿಸಿಯಾದ ಮೇಲೆ ನಾನು ಗೋಡೆಗೆ ಎರಡು ಸಲ ಬಡಿಯುವುದು, ಅವರು ಕೂಲರ್ ಹಾಕುವುದು ಎಂದು ಮಾತಾಯಿತು.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ರೆಕಾರ್ಡಿಂಗ್ ಎಂದೂ ಬರದಷ್ಟು ಚೆನ್ನಾಗಿ ಬಂತು. ಖುಷಿಯಲ್ಲಿ ಮೈಮರೆತು, ಗೆಳೆಯನಿಗೆ ಕೇಳಿಸಲು ಗಾಡಿ ಹತ್ತಿ ದೂರದ ಮಹಾಲ್ ಬಡಾವಣೆಗೆ ಹೋದೆ. ಸಂಜೆ ಬಂದಾಗ ಕಾಕಾರ ಬಾಗಿಲು ತೆರೆದಿತ್ತು. ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಒಳಗೆ ನೆಲದ ಮೇಲೆ ಕೂತಿದ್ದರು. ಮುಖ ಕೆಂಪಗಾಗಿತ್ತು. ಫ್ಯಾನೂ ತಿರುಗುತ್ತಿರಲಿಲ್ಲ, ಅದನ್ನು ಬಂದ್ ಮಾಡಿ ಎಂದು ನಾನು ಕೇಳಿಯೇ ಇರಲಿಲ್ಲ.

"ಬಂದು ಬಾಗಿಲು ಬಡೀಬಾರದಿತ್ತಾ, ಕಾಕಾ?"

"ನೀ ನುಡಿಸೋ ನಡನಡುವ ಸುಮ್ನ ಕೂಡ್ತಿದ್ದಿ, ಇವತ್ತೂ ಹಂಗ ಅಂದ್ಕೊಂಡೆ. ಬಡದ್ರ ರೆಕಾರ್ಡಿಂಗ್ ಕೆಡತಿತ್ತು. ಲೈನ್ ಕ್ಲಿಯರ್ ಬಂದಿಲ್ಲಲ್ಲ... ಇರಲಿ, ಚಲೋ ಬಂತೇನು?"

ನಾಚಿಕೆಯಿಂದ ಕುಗ್ಗಿಹೋದೆ. ಕೂಲರ್ ಹಾಕಿ, ನಾಳೆ ಕೇಳಿಸ್ತೀನಿ ಕಾಕಾ, ಎಂದು ಬಂದೆ. ಮುಖ ತೋರಿಸಲಾಗದೆ ನಾಳೆ ನಾಳೆ ಎಂದೇ ದಿನ ದೂಡಿದೆ. ಆ ಚಳಿಗಾಲದಲ್ಲಿ ಅವರು ತೀರಿಕೊಂಡಾಗ ನಾನು ನಾಗಪುರದಲ್ಲಿರಲಿಲ್ಲ...

ಈಗ ಆ ಮನೆಯ ಹೊಸಬರಿಗೆ ಕೂಲರ್ ಬಂದ್ ಮಾಡಿ ಎಂದು ನಾನು ಹೇಳಿಲ್ಲ. ಗುಂಯ್ ಸದ್ದಿನೊಂದಿಗೇ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಆ ಭಾನುವಾರದ್ದು ಇನ್ನೂ ನನ್ನ ಬಳಿ ಇದೆ. ನಾನು ಮಾಡಿದ್ದರಲ್ಲೆಲ್ಲ ಅದೇ ಸ್ವಚ್ಛ. ಗೆಳೆಯನಿಗೆ ಕೇಳಿಸಲು ಅಷ್ಟು ದೂರ ಓಡಿದವನು, ಗೋಡೆಯಾಚೆ ಕೂತಿದ್ದವರಿಗೆ ಕೇಳಿಸಲಿಲ್ಲ.