ಕೆಲಸ ಇಲ್ಲದ ತೂತು

ನೀವು ಮಾಡಿದ ಕೆಲಸ ನೋಡಿ ಯಾರಾದರೂ ಮುಖಕ್ಕೆ ಹೊಡೆದ ಹಾಗೆ "ಛೀ" ಅಂದಿದ್ದಾರಾ? ಬಾಸ್ ಬೈದದ್ದಲ್ಲ, ಅತ್ತೆ ಕೊಂಕು ಆಡಿದ್ದೂ ಅಲ್ಲ. ಕಕ್ಕಸು ನೋಡಿದವರ ಹಾಗೆ ಮೂಗು ಸುಕ್ಕು ಮಾಡಿ, ನಿಜವಾಗಿ ಹೇಸಿಗೆ ಪಟ್ಟು, "ಛೀ."

ನನಗೆ ಅಂದವರು ಭಾಸ್ಕರಣ್ಣ. ದೆಹಲಿ ಸುತ್ತಮುತ್ತ ನಮ್ಮ ಕರಾವಳಿಯವರ ಹೋಟೆಲುಗಳಲ್ಲಿ ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಕೆಟ್ಟರೆ ಇವರೇ ಬರಬೇಕಿತ್ತು. ಫರೀದಾಬಾದಿನ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್ ಆಗಿದ್ದು, ಅಲ್ಲೇ ಒಂದು ತಗಡಿನ ಶೆಡ್ ಹಾಕಿಕೊಂಡಿದ್ದರು. ಗ್ರೈಂಡರ್ ಬಿಚ್ಚಿದ ಕೂಡಲೇ ಅವರು ಮಾಡುತ್ತಿದ್ದದ್ದು ಒಂದೇ. ಕಿರುಬೆರಳ ಉಗುರನ್ನು ಯಾವುದೋ ತೂತಿಗೆ ಹಾಕಿ, ಒಳಗೆ ಕೊಳೆತು ಕಪ್ಪಾದ ಉದ್ದಿನ ಹಿಟ್ಟನ್ನು ಕೆರೆದು ತೆಗೆದು, ಮೊದಲು ತಾವು ಮೂಸಿ, ಆಮೇಲೆ ಹೋಟೆಲ್ ಮಾಲೀಕನ ಮೂಗಿಗೆ ಹಿಡಿಯುವುದು.

"ಮೂಸಿ. ಮೂಸಿ ಮಾರಾಯ್ರೆ! ಕೆಲಸ ಇಲ್ಲದ ತೂತು ಇದು. ಮಾಡಿದವ ಮಾಡಿ ಹೋದ, ನಿಮ್ಮ ಗಿರಾಕಿ ತಿಂತಾ ಇದ್ದಾರೆ."

ನಾನು ಅವರನ್ನು ಮೊದಲು ನೋಡಿದ್ದು ಇಂದಿರಾಪುರಂನ ಅಂಥದ್ದೇ ಒಂದು ಹೋಟೆಲಿನಲ್ಲಿ, ಒಂದು ಭಾನುವಾರ. ನನಗೆ ಆಗ ನಲವತ್ತನಾಲ್ಕು. ಆಫೀಸು, ಮನೆ ಬಿಟ್ಟರೆ ನನಗಿದ್ದ ಒಂದೇ ಹುಚ್ಚು ರಿಮೋಟಿನಲ್ಲಿ ಓಡುವ ಪುಟ್ಟ ಕ್ರಾಲರ್ ಗಾಡಿ. ಗೊತ್ತಿಲ್ಲದವರಿಗೆ ಹೇಳ್ತೀನಿ: ಇದು ರೇಸ್ ಕಾರಲ್ಲ. ಆಮೆ ಹಾಗೆ ನಿಧಾನಕ್ಕೆ ಬಂಡೆ ಹತ್ತುವ ಜೀಪು, ಒಂದು ಮೊಳ ಉದ್ದ. ಫರೀದಾಬಾದ್ ಆಚೆಯ ಕಲ್ಲುಗುಡ್ಡದಲ್ಲಿ ನಮ್ಮ ಹದಿಮೂರು ಜನರ ಗುಂಪು ಭಾನುವಾರ ಸೇರುತ್ತಿತ್ತು. ಅಂದು ಎಲ್ಲರೂ ಹತ್ತಿದ ಬಂಡೆಯಿಂದ ನನ್ನ ಗಾಡಿ ಹಿಂದಕ್ಕೆ ಮಗುಚಿ ಬಿದ್ದು ಮುರಿದಿತ್ತು. ಅದರ ಚಾಸಿ, ಅಂದರೆ ಎಲ್ಲವನ್ನೂ ಹಿಡಿದು ನಿಲ್ಲಿಸುವ ಅಸ್ಥಿಪಂಜರ, ನಾನೇ ಮಾಡಿದ್ದು. ತರಕಾರಿ ಕತ್ತರಿಸುವ ಪ್ಲಾಸ್ಟಿಕ್ ಹಲಗೆ ಕೊಯ್ದು.

ಅಡುಗೆಮನೆಯಿಂದ ಕೈ ಒರೆಸುತ್ತ ಹೊರಬಂದ ಮುದುಕರು ಮುರಿದ ಗಾಡಿ ಇಟ್ಟುಕೊಂಡಿದ್ದ ನನ್ನ ಟೇಬಲ್ ಹತ್ತಿರ ನಿಂತರು.

"ಎಂತದಮ್ಮ ಇದು?"

ಹೆಮ್ಮೆಯಿಂದ ಹೇಳಿದೆ. ಅವರು ಗಾಡಿಯನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿದರು.

"ಛೀ. ಬ್ಯಾಟರಿ ಹಿಂದೆ ಮೇಲೆ ಇಟ್ಟದ್ದು ಯಾಕೆ? ಭಾರ ಎಲ್ಲ ಬೆನ್ನ ಮೇಲೆ ಹೇರಿದರೆ ಏರಿನಲ್ಲಿ ಮಗುಚದೆ ಎಂತ ಮಾಡ್ತದೆ? ಈ ಅಂಚು ಎಂತದು, ಹಲ್ಲಲ್ಲಿ ಕಚ್ಚಿದ್ದಾ?"

ನನ್ನ ದೋಸೆ ಆರಿತು. ಮುಂದಿನ ಶನಿವಾರ ನಾನು ಅವರ ಶೆಡ್ಡಿನಲ್ಲಿದ್ದೆ.

ಅಲ್ಲಿ ಮೂಲೆಯಲ್ಲಿ ಸವೆದುಹೋದ ಗ್ರೈಂಡರ್ ಕಲ್ಲುಗಳ ದೊಡ್ಡ ರಾಶಿ. ಅದೇ ನಮ್ಮ ಗುಡ್ಡ. ಕೂರಲು ನನಗೆ ಬೋರಲು ಹಾಕಿದ ಒಂದು ಹಳೇ ಡ್ರಮ್ಮು. ಮೋಟಾರ್ ಬಂದ ಪೆಟ್ಟಿಗೆಯ ರಟ್ಟು ಕತ್ತರಿಸಿ ಅವರು ಮೊದಲು ಚಾಸಿಯ ಆಕಾರ ಮಾಡಿದರು. ಬ್ಯಾಟರಿ ಮುಂದೆ, ಕೆಳಗೆ. ಹೊಟ್ಟೆ ಮೇಲಕ್ಕೆ, ಬಂಡೆಗೆ ತಾಗದ ಹಾಗೆ. ರಟ್ಟಿನಲ್ಲೇ ಮೂರು ಸಲ ಬದಲಾಯಿಸಿದರು. ಆ ರಟ್ಟಿನ ಅಳತೆಗೆ, ಎಡಬದಿಗೊಂದು ಬಲಬದಿಗೊಂದು, ನಾನು ಕೊಯ್ದ ಅಲ್ಯೂಮಿನಿಯಂ ಪ್ಲೇಟನ್ನು ಮಣಿಕಟ್ಟಿನ ಒಳಬದಿಯ ಮೆತ್ತನೆ ಚರ್ಮಕ್ಕೆ ಉಜ್ಜಿ ನೋಡುತ್ತಿದ್ದರು. ಚೂರು ತರಚಿದರೂ ಪ್ಲೇಟು ವಾಪಸ್ ನನ್ನ ಮಡಿಲಿಗೆ, ಜೊತೆಗೆ ಅಂಚು ಉಜ್ಜುವ ಅರ.

"ಛೀ. ಅರ ಹಿಡಿ ಮಾರಾಯ್ತಿ. ಉಜ್ಜು."

"ಈ ಅಂಚು ಒಳಗಡೆ ಹೋಗುತ್ತೆ ಭಾಸ್ಕರಣ್ಣ, ಯಾರಿಗೂ ಕಾಣಲ್ಲ."

"ಕಾಣದ ಜಾಗದಲ್ಲೇ ಕೊಳೆಯುವುದು."

ತಪ್ಪು ಮಾಡಿದ್ದು ನಾನು. ಅವರು ಚಹಾಕ್ಕೆ ಹೋದಾಗ, ಒಂದು ತೂತನ್ನು ಹಿಂದಿನಿಂದ ಅಳೆಯುವ ಬದಲು ಮುಂದಿನಿಂದ ಅಳೆದು, ರಟ್ಟಿನಲ್ಲಿ ಚುಚ್ಚಿ, ಎಡಗಡೆ ಪ್ಲೇಟಿಗೆ ಡ್ರಿಲ್ಲೂ ಹೊಡೆದುಬಿಟ್ಟೆ. ಬಂದು ನೋಡಿದವರ ಮುಖ ಹೇಗಾಯಿತೆಂದರೆ, ನಾನು ಪ್ಲೇಟಿನ ಮೇಲೆ ಉಗುಳಿದ್ದೆನೇನೋ ಅನ್ನುವ ಹಾಗೆ. ಬೈಯಲಿಲ್ಲ. ತೂತಿನ ಬಾಯಿ ಎರಡೂ ಕಡೆ ಅಗಲಿಸಿ, ಹಿತ್ತಾಳೆಯ ರಿವೆಟ್ ಬಡಿದು, ಒಂದು ಗಂಟೆ ಉಜ್ಜಿದರು. ಹಳದಿ ಚುಕ್ಕೆ ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಸಿಗುತ್ತಿರಲಿಲ್ಲ.

"ಆ ರಟ್ಟು ಹರಿದು ಬಿಸಾಡು. ತಪ್ಪು ಉಂಟು ಅದರಲ್ಲಿ. ಬೇರೆ ಮಾಡಿ ಕೊಡ್ತೇನೆ."

ನಾನು ಹರಿಯಲಿಲ್ಲ. ಅವರ ಪೆನ್ಸಿಲ್ ಗೆರೆ ಇತ್ತಲ್ಲ, ನೆನಪಿಗಿರಲಿ ಅಂತ ಬ್ಯಾಗಿಗೆ ಹಾಕಿಕೊಂಡೆ.

ಆ ಭಾನುವಾರ ನನ್ನ ಗಾಡಿ ಆ ಬಂಡೆ ಹತ್ತಿತು. ಗುಂಪಿನ ಮುಖಂಡ ವಿಕ್ಕಿ ನೆಲದ ಮೇಲೆ ಮಲಗಿ ವಿಡಿಯೋ ಮಾಡಿದ. "ದೀದಿ, ಏ ಚಾಸಿ ಕಿಸ್ನೇ ಬನಾಯಾ?" ಮಾಡಿದ್ದು ಭಾಸ್ಕರಣ್ಣ ಅಂದೆ. ಎಲ್ಲರಿಗೂ ಬೇಕಂತೆ. ಲೇಸರಿನಲ್ಲಿ ಕತ್ತರಿಸಿಕೊಳ್ತೀವಿ, ನಕ್ಷೆ ಕೊಡಿ ಅಂದ. ಹೊಗಳಿಕೆ ಕೇಳಿ ನನ್ನ ತಲೆ ಗಾಳಿ ತುಂಬಿದ ಬಲೂನಾಗಿತ್ತು. ರಟ್ಟನ್ನೇ ಕೊಟ್ಟೆ. ಆ ತೂತಿನ ನೆನಪೇ ಆಗಲಿಲ್ಲ. ಈಗಲೂ ಇದನ್ನು ಬರೆಯುವಾಗ ನನ್ನ ಮೇಲೆ ನನಗೆ ವಾಕರಿಕೆ ಬರುತ್ತೆ.

ತಿಂಗಳಾದ ಮೇಲೆ ಭಾಸ್ಕರಣ್ಣನಿಗೆ ಸನ್ಮಾನ ಮಾಡೋಣ ಅಂತ ಗುಂಪಿನವರು. ಕರೆದುಕೊಂಡು ಹೋದವಳು ನಾನೇ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ದಾರಿಯಿಡೀ ಸುಮ್ಮನೆ ಮುಗುಳ್ನಗುತ್ತ ಬಂದರು. ವಿಕ್ಕಿ ಚೆಂಡುಹೂವಿನ ಹಾರ ಹಾಕಿದ. "ಅಂಕಲ್, ಎಲ್ಲ ನಿಮ್ಮದೇ ಚಾಸಿ! ನಾವು ಇದಕ್ಕೆ ಭಾಸ್ಕರ್ ಚಾಸಿ ಅಂತೀವಿ," ಅಂದ. ಬಂಡೆಯ ಮೇಲೆ ಹನ್ನೆರಡು ಗಾಡಿ ಸಾಲಾಗಿ ನಿಂತಿದ್ದವು.

ಒಂದೊಂದರಲ್ಲೂ ಆ ತೂತು. ನನ್ನದು ಎಡಕ್ಕೆ ಮಾತ್ರ ಇತ್ತು. ಎರಡೂ ಬದಿಯನ್ನು ಆ ರಟ್ಟು ನೋಡಿಯೇ ಕತ್ತರಿಸಿದ್ದ ಇವರದ್ದು ಎಡಕ್ಕೊಂದು, ಬಲಕ್ಕೊಂದು.

ಭಾಸ್ಕರಣ್ಣ ಹಾರದ ಸಮೇತ ಕುಕ್ಕರಗಾಲಲ್ಲಿ ಕೂತರು. ಮೊದಲನೇ ಗಾಡಿಯ ತೂತಿಗೆ ಕಿರುಬೆರಳ ಉಗುರು ಹಾಕಿ ಕೆಂಪು ಮಣ್ಣು ಕೆರೆದರು. ಮೂಗಿನ ಹತ್ತಿರ ತಂದರು. ನಾನು ಆ "ಛೀ"ಗೆ ಕಾದೆ. ದೇವರೇ, ಎಲ್ಲರ ಎದುರು ಅಂದುಬಿಡಲಿ ಅಂತ ಕಾದೆ. ಅವರು ಬೆರಳನ್ನು ಕಲ್ಲಿಗೆ ಒರೆಸಿ ಎದ್ದರು.

"ಚೆಂದ ಉಂಟು, ಮೇಡಂ."

ಮೇಡಂ! ನಾನು ಮಾರಾಯ್ತಿ ಆಗಿದ್ದವಳು.

ಆಮೇಲೆ ಎರಡು ಸಲ ಶೆಡ್ಡಿಗೆ ಹೋದೆ. "ಬನ್ನಿ ಮೇಡಂ, ಕೂತುಕೊಳ್ಳಿ" ಅಂತ ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೊಟ್ಟರು. ಎರಡನೇ ಸಲ ಬೇಕಂತಲೇ ಅಂಚು ಒರಟಾಗಿ ಬಿಟ್ಟ ಪ್ಲೇಟು ತೋರಿಸಿದೆ. ಮಣಿಕಟ್ಟಿಗೆ ತಾಗಿಸಲೂ ಇಲ್ಲ. "ಚೆಂದ ಉಂಟು." ನನ್ನ ಕೆಲಸ ಅವರ ಸಿಟ್ಟಿಗೂ ಯೋಗ್ಯವಲ್ಲದ್ದಾಗಿತ್ತು. ತಪ್ಪಾಯ್ತು ಅಂದರೆ "ಇರಲಿ ಮೇಡಂ, ಎಂತ ಮಾಡ್ಲಿಕ್ಕಾಗ್ತದೆ? ನನ್ನ ಹೆಸರು ಇಟ್ಟಾಯ್ತಲ್ಲ" ಅಂದರು, ಅಷ್ಟೇ.

ನಾನು ಹನ್ನೆರಡು ಗಾಡಿಗಳ ಬೆನ್ನು ಹತ್ತಿದೆ. ವಿಕ್ಕಿ ನಕ್ಕ. "ಅರೇ ದೀದಿ, ಛೋಡೋ ನಾ! ಗಾಡಿಗೆ ವೆಂಟಿಲೇಶನ್ ಅಂದ್ಕೊಳ್ಳಿ." ಕೊಡಲಿಲ್ಲ. ಇನ್ನೊಬ್ಬ ಗಾಡಿಯನ್ನು ಯಾರಿಗೋ ಕೊಟ್ಟುಬಿಟ್ಟಿದ್ದ. ಉಳಿದ ಹತ್ತು ಜನ, ಅಕ್ಕನಿಗೆ ತಲೆ ಕೆಟ್ಟಿದೆ ಅಂತ, ಪ್ಲೇಟು ಬಿಚ್ಚಿ ಕೊಟ್ಟರು. ಇಪ್ಪತ್ತು ತೂತು. ಬಾಲ್ಕನಿಯಲ್ಲಿ ಪ್ಲೇಟನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ವೈಸ್ ಹಾಕಿಕೊಂಡು ಹಿತ್ತಾಳೆ ಬಡಿದು ಉಜ್ಜಿದೆ. ಮೊದಲ ಆರು ನೋಡಿದರೆ ನನಗೇ ಹೇಸಿಗೆ. ತೆಗೆದು ಮತ್ತೆ ಬಡಿದೆ.

ದೀಪಾವಳಿ ಕಳೆದ ಮೇಲೆ ಎಲ್ಲವನ್ನೂ ಚೀಲದಲ್ಲಿ ಹೊತ್ತು ಶೆಡ್ಡಿಗೆ ಹೋಗಿ ಅವರ ಮುಂದೆ ಸುರಿದೆ. ಭಾಸ್ಕರಣ್ಣ ಬಹಳ ಇಳಿದುಹೋಗಿದ್ದರು, ಕೆಮ್ಮು ನಿಲ್ಲುತ್ತಿರಲಿಲ್ಲ. ಒಂದೊಂದನ್ನೇ ಎತ್ತಿ ಮಣಿಕಟ್ಟಿಗೆ ಉಜ್ಜಿದರು. ಹದಿನೇಳನೆಯದಕ್ಕೆ ನಿಂತರು. ಮತ್ತೊಮ್ಮೆ ಉಜ್ಜಿದರು. ಮೂಗು ಸುಕ್ಕಾಯಿತು.

"ಛೀ. ಇಲ್ಲಿ ಉಬ್ಬಿದೆ ಮಾರಾಯ್ತಿ. ನಿದ್ದೆಯಲ್ಲಿ ಉಜ್ಜಿದ್ದಾ?"

ಪ್ಲೇಟು ನನ್ನ ಮಡಿಲಿಗೆ ಬಿತ್ತು. ಡ್ರಮ್ಮಿನ ಮೇಲೆ ಕೂತು ಉಜ್ಜಿದೆ. ಅದೇ ಕೊನೆ ಭೇಟಿ. ಹೋಳಿಯ ಹೊತ್ತಿಗೆ ಇಂದಿರಾಪುರಂ ಹೋಟೆಲಿನ ಅಡುಗೆ ಭಟ್ಟರು ಫೋನ್ ಮಾಡಿದರು. "ಗ್ರೈಂಡರ್ ನಿಂತಿದೆ ಅಂತ ಅವರಿಗೆ ಫೋನ್ ಮಾಡಿದೆ. ಮಗಳು ಫೋನ್ ಎತ್ತಿದ್ರು. ಭಾಸ್ಕರಣ್ಣ ಹೋಗಿಬಿಟ್ರಂತೆ."

ಈಗ ಆ ಶೆಡ್ಡಿನಲ್ಲಿ ಯಾರೋ ಟೈರ್ ತುಂಬಿಟ್ಟಿದ್ದಾರೆ. ಗುಂಪಿನ ಫೋಟೋಗಳಲ್ಲಿ ವಿಕ್ಕಿಯ ಗಾಡಿ ಇನ್ನೂ ಬರುತ್ತೆ, ಆ ಎರಡು ತೂತುಗಳ ಸಮೇತ, ಭಾಸ್ಕರಣ್ಣನ ಹೆಸರಿನಲ್ಲಿ. ನೋಡಿದ ಪ್ರತಿ ಸಲ ನನ್ನ ಮೂಗು ತಾನೇ ಸುಕ್ಕಾಗುತ್ತೆ.

ಇನ್ನೊಂದು ಗಾಡಿ ದೆಹಲಿಯಲ್ಲಿ ಯಾರ ಕೈಯಲ್ಲಿದೆಯೋ, ಕಂಡರೆ ತಿಳಿಸಿ. ನಾನೇ ಬಂದು ಮುಚ್ಚಿಕೊಡ್ತೀನಿ. ಮತ್ತೆ, ನಿಮಗೂ ಮುಖಕ್ಕೆ "ಛೀ" ಅಂದವರು ಇದ್ದರೆ, ಅವರು ಯಾರು, ಯಾವ ಕೆಲಸ ನೋಡಿ ಅಂದರು, ಕೆಳಗೆ ಬರೀರಿ. ಒಂದೊಂದನ್ನೂ ಓದ್ತೀನಿ.